ಕೊಂಬಿನ ಬಸ್ಸಿನ ನೆನಪು: ಬೆಸ್ಟ್ ಸಂಸ್ಥೆಗೂ ಮುಂಬೈ ಕನ್ನಡಿಗರಿಗೂ ಒಂದು ಬಹಿರಂಗ ಪತ್ರ

ಮುಂಬೈಗೆ ಬಸ್ಸು, ಕರೆಂಟು ಕೊಡುವ ಬೆಸ್ಟ್ ಸಂಸ್ಥೆಯ ಜನರಲ್ ಮ್ಯಾನೇಜರ್ ಅವರಿಗೆ, ಆಣಿಕ್ ಡಿಪೋದ ಮ್ಯೂಸಿಯಂ ನೋಡಿಕೊಳ್ಳುವವರಿಗೆ, ಮತ್ತೆ ಮುಂಬೈಯಲ್ಲಿ ಇರುವ, ಒಂದು ಕಾಲದಲ್ಲಿ ಇದ್ದು ಬಂದ ಎಲ್ಲ ಕನ್ನಡಿಗರಿಗೆ,

ನಮಸ್ಕಾರ.

ಈ ಪತ್ರವನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಮನಸ್ಸು ಬಿಚ್ಚಿ ಬರೆಯಲು ನನಗೆ ಬರುವುದು ಇದೊಂದೇ ಭಾಷೆ. ನನ್ನ ಸೊಸೆ ಮರಾಠಿ ಹುಡುಗಿ. "ನೀವು ಬರೆದು ಮುಗಿಸಿ, ನನಗೆ ಓದಿ ಹೇಳಿ, ಮರಾಠಿ ನಾನು ಮಾಡ್ತೇನೆ" ಅಂದಿದ್ದಾಳೆ. ಹಾಗಾಗಿ ಬೆಸ್ಟ್‌ನವರಿಗೆ ಇದು ಮರಾಠಿಯಲ್ಲೇ ತಲುಪುತ್ತದೆ. ಕನ್ನಡದಲ್ಲಿ ಓದುವವರು ನಮ್ಮವರು, ಅವರ ಹತ್ತಿರವೂ ನನಗೆ ಕೇಳಬೇಕಾದದ್ದು ಇದೆ.

ವಿಷಯ ಏನೆಂದರೆ, 1962ರ ಜೂನ್ 11ರಿಂದ 1971ರ ಮಾರ್ಚ್ 24ರವರೆಗೆ ಮುಂಬೈಯಲ್ಲಿ ಟ್ರಾಲಿಬಸ್ ಓಡಿತು. ಗೋವಾಲಿಯಾ ಟ್ಯಾಂಕಿನಿಂದ ಹಡಗು ಕಟ್ಟುವ ಮಝಗಾಂವ್ ಡಾಕ್‌ವರೆಗೆ. ಶುರುವಾದದ್ದು ಒಂದು ಸೋಮವಾರ, ನಿಂತದ್ದು ಒಂದು ಬುಧವಾರ. ನಡುವೆ ಒಂಬತ್ತು ವರ್ಷಕ್ಕೆ ಸ್ವಲ್ಪ ಕಮ್ಮಿ. ಇದನ್ನು ಯಾರ ಹತ್ತಿರ ಹೇಳಿದರೂ "ಟ್ರಾಮ್ ಅಲ್ವಾ ನೀವು ಹೇಳ್ತಿರೋದು?" ಅಂತ ಕೇಳುತ್ತಾರೆ. ಅಲ್ಲ. ಟ್ರಾಮ್ ಬೇರೆ, ಇದು ಬೇರೆ. ನನ್ನ ಮಗನಿಗೇ ಇದನ್ನು ನಂಬಿಸಲು ನನಗೆ ಎರಡು ದಿನ ಬೇಕಾಯಿತು.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಟ್ರಾಲಿಬಸ್ ಅಂದರೆ ಕರೆಂಟಿನಲ್ಲಿ ಓಡುವ ಬಸ್ಸು. ಬ್ಯಾಟರಿ ಅಲ್ಲ, ಡೀಸೆಲ್ಲೂ ಇಲ್ಲ. ರಸ್ತೆಯ ಮೇಲೆ ಎತ್ತರದಲ್ಲಿ ಎರಡು ತಂತಿ ಎಳೆದಿರುತ್ತಾರೆ. ಬಸ್ಸಿನ ಮಾಡಿನಿಂದ ಎರಡು ಉದ್ದ ಕೋಲು ಹಿಂದಕ್ಕೆ ಬಾಗಿ, ಆ ತಂತಿಗಳಿಗೆ ಒತ್ತಿಕೊಂಡು ಕರೆಂಟು ತೆಗೆದುಕೊಳ್ಳುತ್ತವೆ. ಟ್ರಾಮಿಗೆ ಒಂದು ತಂತಿ ಸಾಕು, ಯಾಕೆಂದರೆ ಮೇಲಿಂದ ಬಂದ ಕರೆಂಟು ಚಕ್ರದ ಮೂಲಕ ಕಬ್ಬಿಣದ ಹಳಿಗೆ ಇಳಿದು ವಾಪಸು ಹೋಗುತ್ತದೆ. ಬಸ್ಸಿನದು ರಬ್ಬರ್ ಟೈರು. ಕರೆಂಟಿಗೆ ವಾಪಸು ಹೋಗಲು ದಾರಿ ಬೇಕಲ್ಲ, ಅದಕ್ಕೇ ಎರಡನೇ ತಂತಿ. ಹಳಿ ಇಲ್ಲದ್ದರಿಂದ ಡ್ರೈವರ್ ಬಸ್ಸನ್ನು ಸ್ವಲ್ಪ ಆಚೀಚೆ ತಿರುಗಿಸಬಹುದು, ಅಡ್ಡ ನಿಂತ ಕೈಗಾಡಿಯನ್ನು ತಪ್ಪಿಸಿ ಮುಂದೆ ಹೋಗಬಹುದು. ಆದರೆ ಮುಂದಿರುವ ಇನ್ನೊಂದು ಟ್ರಾಲಿಬಸ್ಸನ್ನು ಹಿಂದೆ ಹಾಕುವ ಹಾಗಿಲ್ಲ. ತಂತಿ ಒಂದೇ ಅಲ್ವಾ.

ನಮ್ಮ ಹೋಟೆಲಿನ ಹುಡುಗರು ಇದಕ್ಕೆ ಇಟ್ಟ ಹೆಸರು ಕೊಂಬಿನ ಬಸ್ಸು. ಎದುರಿನಿಂದ ನೋಡಿದರೆ ಮಾಡಿನ ಹಿಂದೆ ಎರಡು ಕೋಲು ಎದ್ದು ನಿಂತದ್ದು ಥೇಟ್ ಕಂಬಳದ ಕೋಣದ ಹಾಗೇ ಕಾಣುತ್ತಿತ್ತು. ಗೋವಾಲಿಯಾ ಟ್ಯಾಂಕ್ ಅಂದರೂ ದನದ ನಂಟೇ. ದನ ಕಾಯುವವರು ದನಗಳನ್ನು ತೊಳೆಯುತ್ತಿದ್ದ ಕೆರೆ ಅಲ್ಲಿತ್ತು, ಅದಕ್ಕೇ ಆ ಹೆಸರು. ಕೆರೆ ಮುಚ್ಚಿ ಮೈದಾನ ಆಯಿತು. 1942ರ ಆಗಸ್ಟ್ 8ರಂದು ಗಾಂಧೀಜಿ "ಭಾರತ ಬಿಟ್ಟು ತೊಲಗಿ" ಎಂದು ಕರೆ ಕೊಟ್ಟದ್ದು ಅದೇ ಮೈದಾನದಲ್ಲಿ. ಈಗ ಅದು ಆಗಸ್ಟ್ ಕ್ರಾಂತಿ ಮೈದಾನ. ಬಸ್ಸಿನ ಬೋರ್ಡಿನಲ್ಲಿ ಮಾತ್ರ ಹಳೆಯ ಹೆಸರೇ ಇತ್ತು, ನಮ್ಮ ಬಾಯಲ್ಲೂ ಅದೇ.

ನಾನು ಮುಂಬೈಗೆ ಬಂದದ್ದು 1963ರಲ್ಲಿ, ಹನ್ನೊಂದನೇ ವಯಸ್ಸಿಗೆ. ಊರು ಕುಂದಾಪುರದ ಹತ್ತಿರ. ಊರಿನಿಂದ ಬಸ್ಸಲ್ಲಿ ಹುಬ್ಬಳ್ಳಿ, ಅಲ್ಲಿಂದ ರೈಲು. ಆ ಕಾಲಕ್ಕೆ ನಮ್ಮ ಕಡೆಯ ಮನೆಗೊಬ್ಬ ಹುಡುಗನಾದರೂ ಹೀಗೆ ಘಟ್ಟ ಹತ್ತಿ ಬೊಂಬಾಯಿಗೆ ಹೋಗುತ್ತಿದ್ದ. ಗೋವಾಲಿಯಾ ಟ್ಯಾಂಕಿನ ಹತ್ತಿರ ಚಿಕ್ಕಪ್ಪನ ಪರಿಚಯದವರ ಹೋಟೆಲು. ಹಗಲು ಕಪ್ಪು ಬಸಿ ತೊಳೆಯುವುದು, ಟೇಬಲ್ ಒರೆಸುವುದು, ರಾತ್ರಿ ಕನ್ನಡದ ರಾತ್ರಿಶಾಲೆ. ನನ್ನ ಅಣ್ಣ ನನಗಿಂತ ಎಂಟು ವರ್ಷ ದೊಡ್ಡವನು, ಮೊದಲೇ ಬಂದು ಮಝಗಾಂವ್ ಡಾಕಿನ ಹತ್ತಿರ ಒಂದು ಕ್ಯಾಂಟೀನಿನಲ್ಲಿ ಕೆಲಸಕ್ಕಿದ್ದ. ಅಂದರೆ ಲೈನಿನ ಆ ತುದಿಯಲ್ಲಿ ಅಣ್ಣ, ಈ ತುದಿಯಲ್ಲಿ ನಾನು. ಭಾನುವಾರ ಮಧ್ಯಾಹ್ನ ಊಟದ ಗಿರಾಕಿ ಮುಗಿದ ಮೇಲೆ ನನಗೆ ಸಂಜೆವರೆಗೆ ರಜೆ. ಗಲ್ಲೆಯಲ್ಲಿ ಕೂತಿದ್ದ ಧಣಿಗಳು ಬಸ್ಸಿನ ಚಿಲ್ಲರೆ ಎಣಿಸಿ ಕೊಟ್ಟು, "ಮಾಣಿ, ಕತ್ತಲೆಯಾಗುದ್ರೊಳಗೆ ಬಂದ್ಬಿಡು" ಅನ್ನುತ್ತಿದ್ದರು. ಆ ಊರಲ್ಲಿದ್ದ ನನ್ನ ಅಣ್ಣನ ಹತ್ತಿರ ನನ್ನನ್ನು ಕರೆದುಕೊಂಡು ಹೋಗುತ್ತಿದ್ದದ್ದು ಆ ಕೊಂಬಿನ ಬಸ್ಸು. ಹಾಗಾಗಿ ಅದರ ಮೇಲೆ ನನಗೆ ಇಷ್ಟು ಪ್ರೀತಿ. ಬಸ್ಸಿನ ಹುಚ್ಚು ಇರುವವರು ಬೇರೆ ಇರುತ್ತಾರೆ, ನಾನು ಆ ಪೈಕಿ ಅಲ್ಲ. ಇದೊಂದೇ ಬಸ್ಸು ನನಗೆ.

ಅದು ಬಂದದ್ದೇ ಗೊತ್ತಾಗುತ್ತಿರಲಿಲ್ಲ. ಟ್ರಾಮು ಅರ್ಧ ಮೈಲಿ ದೂರದಿಂದಲೇ ಗಡಗಡ ಅನ್ನುತ್ತಿತ್ತು, ಡೀಸೆಲ್ ಬಸ್ಸು ಕೆಮ್ಮುತ್ತಾ ಬರುತ್ತಿತ್ತು, ಟ್ರಾಲಿಬಸ್ ಮಾತ್ರ ಪಕ್ಕಕ್ಕೆ ಬಂದು ನಿಂತ ಮೇಲೆ "ಓ, ಬಂತು" ಅಂತ ಗೊತ್ತಾಗುತ್ತಿತ್ತು. ಚಿಕ್ಕಪ್ಪ ಊರಿನಿಂದ ಬಂದ ಪ್ರತಿ ಹೊಸ ಹುಡುಗನಿಗೂ ಮೊದಲು ಹೇಳುತ್ತಿದ್ದ ಮಾತು, "ರಸ್ತೆ ದಾಟುವಾಗ ಕಿವಿ ನಂಬಬೇಡ, ಕಣ್ಣಲ್ಲಿ ನೋಡು." ಒಳಗೆ ಕೂತರೆ ಹೊರಡುವಾಗ ಕಾಲಡಿಯಿಂದ ಒಂದು ಸಣ್ಣ ಗುಂಯ್ ಸದ್ದು ಏಳುತ್ತಿತ್ತು. ಮೆಲ್ಲಗೆ ಶುರುವಾಗಿ ಏರುತ್ತಾ ಏರುತ್ತಾ ಹೋಗಿ, ಮುಂದಿನ ಸ್ಟಾಪು ಬಂದ ಹಾಗೆ ಅದೇ ರೀತಿ ಇಳಿಯುತ್ತಿತ್ತು. ಗೇರು ಬದಲಿಸುವ ಎಳೆದಾಟ ಇಲ್ಲ, ಹೊಗೆ ಇಲ್ಲ, ಕಾಲಿಗೆ ಇಂಜಿನ್ನಿನ ಬಿಸಿ ತಾಗುವುದಿಲ್ಲ. ಕಂಡಕ್ಟರ್ ಟಿಕೆಟ್ ಪೆಟ್ಟಿಗೆಯ ಮೇಲೆ ಪಂಚನ್ನು ಟಿಕ್ ಟಿಕ್ ಅಂತ ಬಡಿಯುತ್ತಾ, "ಪುಢೇ ಚಲಾ, ಪುಢೇ ಚಲಾ" ಅನ್ನುತ್ತಾ ಬರುತ್ತಿದ್ದ. ಮುಂದೆ ಹೋಗಿ ಅಂತ ಅರ್ಥ. ನಾನು ಕಲಿತ ಮೊದಲ ಮರಾಠಿ ಮಾತು ಅದೇ.

ಒಂದು ದಿನದ್ದು ಹೇಳಲೇಬೇಕು. ಮಳೆಗಾಲ. ಅಣ್ಣನ ಹತ್ತಿರ ಹೋಗಿ ವಾಪಸು ಬರುತ್ತಿದ್ದೆ, ಕೈಯಲ್ಲಿ ಅವನು ಕಟ್ಟಿಕೊಟ್ಟ ಬಟಾಟೆವಡೆಯ ಪೊಟ್ಟಣ, ಕಾಗದ ಆಗಲೇ ಎಣ್ಣೆ ಹೀರಿ ಕಪ್ಪಾಗಿತ್ತು. ಒಂದು ತಿರುವಿನಲ್ಲಿ ಮೇಲೆ ಟಪ್ ಅಂತ ಸದ್ದಾಯಿತು. ಒಳಗಿನ ದೀಪ ಎಲ್ಲ ಆರಿತು. ಬಸ್ಸು ತನ್ನ ಓಟದಲ್ಲೇ ಸ್ವಲ್ಪ ದೂರ ಉರುಳಿ ನಿಂತುಬಿಟ್ಟಿತು. ಒಂದು ಕೋಲು ತಂತಿ ಬಿಟ್ಟು ಜಾರಿ ಆಕಾಶಕ್ಕೆ ಎದ್ದು ನಿಂತಿತ್ತು. ಬಸ್ಸು ತುಂಬ ಜನ, ಹೊರಗೆ ಮಾಡಿನ ಮೇಲೆ ಮಳೆಯ ಸದ್ದು, ಬೇರೆ ಏನೂ ಇಲ್ಲ. ಯಾರೂ ಗೊಣಗಲಿಲ್ಲ, ಇದು ಆಗಾಗ ಆಗುವಂಥದ್ದೇ. ಕಂಡಕ್ಟರ್ ಟಿಕೆಟ್ ಪೆಟ್ಟಿಗೆಯನ್ನು ಒಬ್ಬ ಹೆಂಗಸಿನ ಮಡಿಲಲ್ಲಿಟ್ಟು, ತಲೆಗೆ ಕರವಸ್ತ್ರ ಕಟ್ಟಿಕೊಂಡು ಇಳಿದ. ಡಾಕಿನ ಕೆಲಸದವರೊಬ್ಬರು, ಕೈಯೆಲ್ಲ ಗ್ರೀಸಿನ ವಾಸನೆ, ನನ್ನನ್ನು ಎತ್ತಿ ಹಿಂದಿನ ಕಿಟಕಿಯ ಹತ್ತಿರ ನಿಲ್ಲಿಸಿದರು, ನೋಡು ಅಂತ. ಕಂಡಕ್ಟರ್ ಮಳೆಯಲ್ಲಿ ಮುಖ ಮೇಲೆತ್ತಿ, ಕಣ್ಣು ಕಿರಿದು ಮಾಡಿ, ಆ ಕೋಲನ್ನು ಕೆಳಕ್ಕೆ ತಂದು ತಂತಿಯ ಸಾಲಿಗೆ ಹಿಡಿಯುತ್ತಿದ್ದ. ಒಂದು ಸಲ ತಪ್ಪಿತು. ಎರಡನೇ ಸಲವೂ ತಪ್ಪಿತು. ಮೂರನೇ ಸಲ ತಂತಿಗೆ ಮುಟ್ಟಿದ್ದೇ ತಡ, ನೀಲಿ ಕಿಡಿ ಫಳ್ ಅಂತ ಹಾರಿ ಮಳೆಹನಿಗಳೆಲ್ಲ ಒಂದು ಕ್ಷಣ ನೀಲಿ ಮಣಿಗಳ ಹಾಗೆ ಕಂಡವು. ಒಳಗೆ ದೀಪ ಹತ್ತಿತು. ಬಸ್ಸಿನಲ್ಲಿದ್ದವರೆಲ್ಲ ಒಟ್ಟಿಗೆ "ಆಹಾ" ಅಂದರು. ಇವತ್ತಿಗೂ ಮಳೆಗಾಲದಲ್ಲಿ ಮನೆಯ ಕರೆಂಟು ಹೋಗಿ ಬಂದರೆ ನನಗೆ ಆ ಮುಖ ನೆನಪಾಗುತ್ತದೆ. ಆ ಕಂಡಕ್ಟರ್ ಹೆಸರು ನಾನು ಯಾವತ್ತೂ ಕೇಳಲೇ ಇಲ್ಲ.

ಆ ವರ್ಷಗಳಲ್ಲಿ ಊರು ಎಷ್ಟು ಬದಲಾಯಿತು ಅಂದರೆ, 1964ರ ಮಾರ್ಚ್ 31ರ ರಾತ್ರಿ ಬೋರಿಬಂದರಿನಿಂದ ದಾದರಿಗೆ ಕೊನೆಯ ಟ್ರಾಮ್ ಹೋಯಿತು. 1874ರಲ್ಲಿ ಕುದುರೆ ಎಳೆಯುವ ಟ್ರಾಮಾಗಿ ಶುರುವಾಗಿ, 1907ರಲ್ಲಿ ಕರೆಂಟಿಗೆ ಬದಲಾದ ಓಟ ಅದು. ರಸ್ತೆಯ ಎರಡೂ ಕಡೆ ಜನ ನಿಂತು ಬೀಳ್ಕೊಟ್ಟರು. ಮಝಗಾಂವ್ ಡಾಕಿನಲ್ಲಿ 1968ರ ಅಕ್ಟೋಬರ್ 23ರಂದು ಐಎನ್‌ಎಸ್ ನೀಲಗಿರಿ ನೀರಿಗಿಳಿಯಿತು. ನಮ್ಮ ದೇಶದಲ್ಲೇ ಕಟ್ಟಿದ ಆ ದೊಡ್ಡ ಯುದ್ಧನೌಕೆಗೆ ದುಡಿದ ಎಷ್ಟೋ ಜನ ಬೆಳಿಗ್ಗೆ ಡಬ್ಬಿ ಹಿಡಿದು ಇದೇ ಟ್ರಾಲಿಬಸ್ಸಿನಲ್ಲಿ ಹೋಗಿ ಇಳಿಯುತ್ತಿದ್ದರು. ಹಡಗು ನೀರಿಗಿಳಿದ ದಿನ ಕ್ಯಾಂಟೀನಿನಲ್ಲಿ ಚಹಾ ಕಾಸಿ ಕಾಸಿ ಕೈ ಸೋತಿತ್ತು ಅಂತ ಅಣ್ಣ ಈಗಲೂ ಹೇಳುತ್ತಾನೆ.

1971ರ ಮಾರ್ಚ್ 24. ನನಗೆ ಆಗ ಹತ್ತೊಂಬತ್ತು. ಕೊಂಬಿನ ಬಸ್ಸು ನಿಲ್ಲುತ್ತದೆ ಅಂತ ಗೊತ್ತಿತ್ತು. ಇಂಥದ್ದನ್ನು ನಡೆಸುವುದು ಸುಲಭ ಅಲ್ಲ, ಅದನ್ನು ನಾನು ಈಗ ಒಪ್ಪುತ್ತೇನೆ. ಡೀಸೆಲ್ ಬಸ್ಸು ಎಲ್ಲಿಗೆ ಬೇಕಾದರೂ ಹೋಗುತ್ತದೆ. ಟ್ರಾಲಿಬಸ್ಸಿಗೆ ತಂತಿ ಬೇಕು, ತಂತಿ ಎಳೆಯುವವರು ಬೇಕು, ಬೇರೆ ಬಿಡಿಭಾಗ ಬೇಕು, ಸ್ವಲ್ಪ ದೂರದ ಲೈನಿಗೂ ಅಷ್ಟೆಲ್ಲ ಇಟ್ಟುಕೊಳ್ಳಬೇಕು. ಆ ನಿರ್ಧಾರದ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಆದರೆ ಮರುದಿನ ರಾತ್ರಿಯೇ ಢಾಕಾದಲ್ಲಿ ಗುಂಡಿನ ಸದ್ದು ಶುರುವಾಯಿತು. ಆಮೇಲೆ ಪೇಪರ್ ತುಂಬ ಬಾಂಗ್ಲಾ ಯುದ್ಧದ್ದೇ ಸುದ್ದಿ, ಹೋಟೆಲಿನ ರೇಡಿಯೋ ಸುತ್ತ ಅದೇ ಮಾತು. ನಮ್ಮ ಬಸ್ಸಿನ ಬಗ್ಗೆ ಕೂತು ಮಾತಾಡಲು ಯಾರಿಗೂ ಪುರುಸೊತ್ತಿರಲಿಲ್ಲ. ಆ ವರ್ಷ ಮುಗಿಯುವ ಹೊತ್ತಿಗೆ ಎಲ್ಲರಿಗೂ ಮರೆತುಹೋಗಿತ್ತು.

ನಾನು ಕೇಳಬೇಕಾದದ್ದಕ್ಕೆ ಈಗ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ಫ್ಲೋರಾ ಫೌಂಟನ್ ಹತ್ತಿರ ರಸ್ತೆ ಅಗೆದಾಗ ಹಳೆಯ ಟ್ರಾಮ್ ಹಳಿ ಸಿಕ್ಕಿತು. ಜನ ಬಂದು ನೋಡಿದರು, ಫೋಟೋ ತೆಗೆದರು, ಪೇಪರಿನಲ್ಲಿ ಬಂತು. ಟ್ರಾಮ್ ತನ್ನ ಗುರುತನ್ನು ನೆಲದೊಳಗೆ ಬಿಟ್ಟು ಹೋಗಿದೆ. ಯಾವತ್ತು ಅಗೆದರೂ ಸಿಗುತ್ತದೆ. ಟ್ರಾಲಿಬಸ್ಸಿನದು ಹಾಗಲ್ಲ. ಅದರ ದಾರಿ ಪೂರ್ತಿ ಗಾಳಿಯಲ್ಲಿತ್ತು. ತಂತಿ ಬಿಚ್ಚಿ ಸುತ್ತಿಟ್ಟ ದಿನವೇ ದಾರಿಯೂ ಹೋಯಿತು. ರಸ್ತೆಯಲ್ಲಿ ಎಷ್ಟು ಅಗೆದರೂ ಒಂದು ಮೊಳೆಯೂ ಸಿಗುವುದಿಲ್ಲ. ಈಗ ಅದು ಉಳಿದಿರುವುದು ಅದರಲ್ಲಿ ಓಡಾಡಿದವರ, ಓಡಿಸಿದವರ ತಲೆಯಲ್ಲಿ ಮಾತ್ರ. ಆಗ ಇಪ್ಪತ್ತೈದು ವರ್ಷದ ಡ್ರೈವರ್ ಆಗಿದ್ದವರಿಗೆ ಈಗ ಎಂಬತ್ತರ ಮೇಲೆ. ನಾನು ಆಗ ಹುಡುಗ, ನನಗೇ ಎಪ್ಪತ್ತು ದಾಟಿದೆ.

ಎರಡು ವರ್ಷದ ಹಿಂದೆ ಮಗಳ ಮನೆಗೆ ಇಂಗ್ಲೆಂಡಿಗೆ ಹೋಗಿದ್ದೆ. ನಾನು ಯಾವಾಗಲೂ ಇದನ್ನೇ ಹೇಳುತ್ತಿರುತ್ತೇನೆ ಅಂತ ಅವಳು ಒಂದು ದಿನ ನನ್ನನ್ನು ಲಿಂಕನ್‌ಶೈರ್‌ನ ಸ್ಯಾಂಡ್‌ಟಾಫ್ಟ್ ಎಂಬ ಕಡೆಗೆ ಕರೆದುಕೊಂಡು ಹೋದಳು. ಅಲ್ಲಿ ಟ್ರಾಲಿಬಸ್ಸಿಗೆ ಅಂತಲೇ ಒಂದು ಮ್ಯೂಸಿಯಂ ಇದೆ. ಹಳೆಯ ವಿಮಾನ ನೆಲೆಯ ಜಾಗ. 1969ರಲ್ಲಿ ಬಸ್ಸಿನ ಮೇಲೆ ಪ್ರೀತಿ ಇದ್ದ ಸ್ವಯಂಸೇವಕರು ಸೇರಿ ಆ ಜಾಗ ಹಿಡಿದು, ಒಂದೊಂದೇ ಬಸ್ಸು ತಂದು, ರಿಪೇರಿ ಮಾಡಿ, ಸುತ್ತ ತಂತಿ ಎಳೆದು ಓಡಿಸುತ್ತಾರೆ. ಬ್ರಾಡ್‌ಫೋರ್ಡ್, ನಾಟಿಂಗ್‌ಹ್ಯಾಮ್, ಹಡರ್ಸ್‌ಫೀಲ್ಡ್, ರೆಡಿಂಗ್, ಹೀಗೆ ಊರೂರಿನ ಬಸ್ಸುಗಳು, ಆ ಊರಿನ ಬಣ್ಣದಲ್ಲೇ. ದೂರದ ಜೋಹಾನ್ಸ್‌ಬರ್ಗಿನ ಬಸ್ಸು ಕೂಡ. ಸಾಲಾಗಿ ನಿಂತ ಬಸ್ಸುಗಳ ನಡುವೆ ನಾನು ನಮ್ಮ ಮುಂಬೈಯದ್ದನ್ನು ಹುಡುಕಿದೆ. ಕಾಣಲಿಲ್ಲ. ಆಮೇಲೆ ಒಂದು ಬಸ್ಸಿನಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೊಡೆದರು. ಹೊರಡುವಾಗ ಕಾಲಡಿಯಿಂದ ಅದೇ ಗುಂಯ್ ಸದ್ದು ಎದ್ದಿತು ನೋಡಿ, ನನಗೆ ಮಾತೇ ಹೊರಡಲಿಲ್ಲ. ಮಗಳು ನನ್ನ ಕೈ ಹಿಡಿದುಕೊಂಡಳು.

ಇಳಿದ ಮೇಲೆ ಅಲ್ಲಿ ಕೆಲಸ ಮಾಡುವ ಒಬ್ಬ ಹಿರಿಯರು, ನನ್ನಷ್ಟೇ ವಯಸ್ಸು, ಎಲ್ಲಿಂದ ಬಂದಿರಿ ಅಂತ ಕೇಳಿದರು. ಬೊಂಬಾಯಿ, ನಮ್ಮಲ್ಲೂ ಇತ್ತು ಅಂದೆ. ಅವರ ಮುಖ ಅರಳಿತು. ಜೇಬಿನಿಂದ ಸಣ್ಣ ಪುಸ್ತಕ ತೆಗೆದು, ಎಲ್ಲಿಂದ ಎಲ್ಲಿಗೆ, ಕಾಗುಣಿತ ಹೇಗೆ, ಅಂತ ಕೇಳಿ ಕೇಳಿ ಬರೆದುಕೊಂಡರು. ಮಗಳು ನಡುವೆ ನಿಂತು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಕೊನೆಗೆ ಕೇಳಿದರು, ಒಳಗೆ ಸೀಟಿನ ಬಣ್ಣ ಯಾವುದಿತ್ತು? ನಾನು ಬಾಯಿ ತೆರೆದೆ, ಉತ್ತರ ಬರಲಿಲ್ಲ. ನೂರಾರು ಸಲ ಕೂತ ಸೀಟು. ವಡೆಯ ಎಣ್ಣೆ ಒರೆಸಿದ ಸೀಟು. ಬಣ್ಣ ಹೋಗಿಬಿಟ್ಟಿದೆ. ಆವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಈ ಪತ್ರ ಶುರುವಾದದ್ದು ಆ ರಾತ್ರಿಯೇ.

ಬೇರೆಯವರು ಹೇಗೆ ಕಾಪಾಡಿದ್ದಾರೆ ನೋಡಿ. ನಮ್ಮಲ್ಲಿ ಶುರುವಾಗುವ ಒಂದು ತಿಂಗಳ ಮುಂಚೆ, 1962ರ ಮೇ 8ರಂದು ಲಂಡನ್ ತನ್ನ ಟ್ರಾಲಿಬಸ್ಸನ್ನು ನಿಲ್ಲಿಸಿತು. ಒಂದು ಕಾಲಕ್ಕೆ ಅಲ್ಲಿ 68 ರೂಟು, 1,811 ಬಸ್ಸು ಇದ್ದವು. ಆದರೂ 1931ರ ಮೊಟ್ಟಮೊದಲ ಬಸ್ಸು, ನಂಬರ್ 1, ಅದನ್ನು ಅವರು ಬಿಸಾಡಲಿಲ್ಲ. ಕೊನೆಯ ದಿನ ಅದನ್ನೇ ಮತ್ತೆ ರಸ್ತೆಗಿಳಿಸಿದರು, ಇವತ್ತಿಗೂ ಅದು ಇದೆ. ಆ ರಾತ್ರಿ ಫುಲ್‌ವೆಲ್ ಡಿಪೋ ಸೇರಿದ ಕೊನೆಯ ಬಸ್ಸು 1521, ಅದೂ ಇದೆ. ಬ್ರಿಟನ್ನಿನಲ್ಲಿ 1911ರಲ್ಲಿ ಮೊದಲು ಶುರು ಮಾಡಿದ ಊರುಗಳಲ್ಲಿ ಒಂದಾದ ಬ್ರಾಡ್‌ಫೋರ್ಡ್ ಎಲ್ಲರಿಗಿಂತ ಕೊನೆಗೆ, 1972ರ ಮಾರ್ಚ್ 26ರಂದು ನಿಲ್ಲಿಸಿತು. ನಮ್ಮದು ನಿಂತು ಒಂದು ವರ್ಷ, ಎರಡು ದಿನ ಆಗಿತ್ತು. ಆ ಊರಿನ ಬಸ್ಸಿನ ಗೋಡೆ ಮುಟ್ಟಿ ಬಂದಿದ್ದೇನೆ ನಾನು. ಮಾಸ್ಕೋದವರು 2020ರಲ್ಲಿ ಟ್ರಾಲಿಬಸ್ ನಿಲ್ಲಿಸಿದರೂ ನೆನಪಿಗೆ ಅಂತ ಒಂದು ರೂಟು ಮಾತ್ರ ಇಟ್ಟುಕೊಂಡರು. ಪ್ರಾಗ್ ಅಂತೂ 1972ರಲ್ಲಿ ಬಿಟ್ಟದ್ದನ್ನು 2017ರಲ್ಲಿ ಮತ್ತೆ ತಂದಿತು, ಈಗ ಅಲ್ಲಿ ವಿಮಾನ ನಿಲ್ದಾಣಕ್ಕೇ ಟ್ರಾಲಿಬಸ್ ಹೋಗುತ್ತದೆ. ಅಷ್ಟು ದೂರ ಯಾಕೆ, ಕೋಲ್ಕತಾದ ಎಸ್ಪ್ಲನೇಡ್‌ನಲ್ಲಿ ಹಳೆಯ ಟ್ರಾಮ್ ಡಬ್ಬಿಯ ಒಳಗೇ 2014ರಲ್ಲಿ 'ಸ್ಮರಣಿಕಾ' ಅಂತ ಮ್ಯೂಸಿಯಂ ಮಾಡಿದ್ದಾರೆ. ನಮ್ಮ ಮೈಸೂರಿನ ರೈಲ್ವೆ ಮ್ಯೂಸಿಯಂ 1979ರದ್ದು. ಅಲ್ಲಿ ಮಕ್ಕಳು ಹಳೆಯ ಇಂಜಿನ್ ಹತ್ತಿ ಇಳಿಯುವುದನ್ನು ನೋಡುವುದೇ ಒಂದು ಖುಷಿ.

ಬೆಸ್ಟ್‌ನವರಿಗೆ ಹಳೆಯದರ ಮೇಲೆ ಪ್ರೀತಿ ಇದೆ ಅಂತ ನನಗೆ ಚೆನ್ನಾಗಿ ಗೊತ್ತು. 1984ರಲ್ಲಿ ಕುರ್ಲಾ ಡಿಪೋದಲ್ಲಿ ಮ್ಯೂಸಿಯಂ ಶುರು ಮಾಡಿದವರು ನೀವು, ಆಮೇಲೆ 1993ರಲ್ಲಿ ಆಣಿಕ್‌ಗೆ ತಂದಿರಿ. ಒಂದು ಸಾರಿಗೆ ಸಂಸ್ಥೆ, ಅಷ್ಟು ದೊಡ್ಡ ಊರಿನ ಬಸ್ಸು ನಡೆಸುವ ತಾಪತ್ರಯದ ನಡುವೆ, ಟಿಕೆಟ್ಟು ಯಂತ್ರ, ಟ್ರಾಮಿನ ಮಾದರಿ ಎಲ್ಲ ಜೋಡಿಸಿಡುವುದು ಸಣ್ಣ ಮಾತಲ್ಲ. 2023ರ ಸೆಪ್ಟೆಂಬರ್ 15ರಂದು ಹಳೆಯ ಕೆಂಪು ಡಬಲ್ ಡೆಕ್ಕರ್ ಕೊನೆಯ ಸಲ ಓಡಿದಾಗ, 415ನೇ ನಂಬರ್, ಅಂಧೇರಿಯ ಕಡೆ, ಜನ ಹೂವು ಕಟ್ಟಿ ಕಳಿಸಿಕೊಟ್ಟರು. ಟಿವಿಯಲ್ಲಿ ನೋಡುತ್ತಾ ನನಗೆ ಅನಿಸಿದ್ದು, ಈ ಹೂವಿನಲ್ಲಿ ಒಂದು ಎಸಳಾದರೂ 1971ರ ಆ ಬುಧವಾರಕ್ಕೆ ಸಿಗಬೇಕಿತ್ತು.

ನಾನು ಕೇಳುವುದು ದೊಡ್ಡದೇನಲ್ಲ. ಗೋವಾಲಿಯಾ ಟ್ಯಾಂಕ್ ಹತ್ತಿರ ಒಂದು, ಮಝಗಾಂವ್ ಡಾಕ್ ಹತ್ತಿರ ಒಂದು, ಎರಡು ಬೋರ್ಡು ಹಾಕಿ. ಇಲ್ಲಿಂದ ಅಲ್ಲಿಗೆ ಟ್ರಾಲಿಬಸ್ ಓಡಿತು, ಇಂಥ ದಿನದಿಂದ ಇಂಥ ದಿನದವರೆಗೆ, ಅಂತ ಬರೆದರೆ ಸಾಕು. ಆ ಎರಡೂ ಜಾಗದಲ್ಲಿ ನಾನು ಹೋಗಿ ನಿಂತು ಬಂದಿದ್ದೇನೆ. ಬಸ್ಸಿಗೆ ಕಾಯುತ್ತಿದ್ದ ಹುಡುಗರನ್ನು ಕೇಳಿದರೆ ಅವರಿಗೆ ಗೊತ್ತಿಲ್ಲ. ಗೊತ್ತಾಗುವುದಾದರೂ ಹೇಗೆ, ಪಾಪ. ಬೋರ್ಡಿನಲ್ಲಿ ಎರಡು ಕೊಂಬಿನ ಒಂದು ಚಿತ್ರ ಇದ್ದರೆ ಚಿಕ್ಕ ಮಕ್ಕಳು ತಾವಾಗಿಯೇ ಕೇಳುತ್ತಾರೆ, ಇದೇನು ಅಂತ.

ಆಮೇಲೆ ವರ್ಷಕ್ಕೊಂದು ದಿನ, ಜೂನ್ 11ಕ್ಕೆ, ಈಗ ನಿಮ್ಮ ಹತ್ತಿರ ಇರುವ ಎಲೆಕ್ಟ್ರಿಕ್ ಬಸ್ಸುಗಳಲ್ಲೇ ಒಂದನ್ನು ಆ ಹಳೆಯ ದಾರಿಯಲ್ಲಿ ಓಡಿಸಿ. ಎಲೆಕ್ಟ್ರಿಕ್ ಬಸ್ಸು ಹೊಸದು ಅಂತ ಎಲ್ಲರೂ ಹೇಳುತ್ತಾರೆ. ಬ್ಯಾಟರಿ ಹೊಸದು, ಒಪ್ಪುತ್ತೇನೆ. ಆದರೆ ಕರೆಂಟಿನಲ್ಲಿ, ಹೊಗೆ ಇಲ್ಲದೆ, ಸದ್ದಿಲ್ಲದೆ ಓಡುವ ಬಸ್ಸನ್ನು ಮುಂಬೈ 1962ರಲ್ಲೇ ನೋಡಿದೆ. ನಿಮ್ಮ ಹೊಸ ಬಸ್ಸಿಗೆ ಅಜ್ಜ ಒಬ್ಬ ಇದ್ದಾನೆ ಅಂತ ಹೇಳಿಕೊಳ್ಳುವುದು ನಿಮಗೂ ಹೆಮ್ಮೆ ಅಲ್ವಾ? ಎಲೆಕ್ಟ್ರಿಕ್ ಸಪ್ಲೈ ಅಂಡ್ ಟ್ರಾನ್ಸ್‌ಪೋರ್ಟ್ ಅಂತ ನಿಮ್ಮ ಹೆಸರಿನಲ್ಲೇ ಕರೆಂಟೂ ಇದೆ, ಸಾರಿಗೆಯೂ ಇದೆ. ಎರಡೂ ಒಂದೇ ಮನೆಯದ್ದಾಗಿ ಆ ತಂತಿಯ ಕೆಳಗೆ ಓಡಿದ್ದು ಅದು.

ಇನ್ನೊಂದು. ಆ ದಾರಿಯಲ್ಲಿ ಎಲ್ಲಾದರೂ ಹಳೆಯ ಕಬ್ಬಿಣದ ಕಂಬ, ಗೋಡೆಯಲ್ಲಿ ತಂತಿ ಬಿಗಿದ ಕೊಕ್ಕೆ ಕಂಡರೆ, ಕೀಳುವ ಮೊದಲು ಅದು ಏನು ಅಂತ ಒಂದು ಸಲ ಕೇಳಿ ನೋಡಿ. ಗುಜರಿಗೆ ಹಾಕಿದರೆ ಕಿಲೋ ಲೆಕ್ಕ, ಆಣಿಕ್‌ಗೆ ಕಳಿಸಿದರೆ ನೂರು ವರ್ಷ ಉಳಿಯುತ್ತದೆ.

ಈ ಎಲ್ಲಕ್ಕಿಂತ ಜರೂರಾದ ಕೆಲಸ ಬೇರೆ ಇದೆ. ನಿಮ್ಮಲ್ಲಿ ಪಿಂಚಣಿ ಪಡೆಯುವ ಹಳೆಯ ಡ್ರೈವರುಗಳು, ಕಂಡಕ್ಟರುಗಳು, ತಂತಿ ರಿಪೇರಿ ಮಾಡುತ್ತಿದ್ದ ಲೈನ್‌ಮನ್‌ಗಳು ಯಾರಾದರೂ ಇದ್ದರೆ ಅವರ ಮನೆಗೆ ಯಾರನ್ನಾದರೂ ಕಳಿಸಿ. ಒಂದು ಮೊಬೈಲು ಸಾಕು, ಅವರು ಮಾತಾಡಲಿ, ರೆಕಾರ್ಡ್ ಆಗಲಿ. ಮಳೆಯಲ್ಲಿ ಕೋಲು ಜಾರಿದರೆ ಏನು ಮಾಡುತ್ತಿದ್ದಿರಿ, ಕರೆಂಟು ಹೋದರೆ ಬಸ್ಸು ಎಷ್ಟು ದೂರ ಉರುಳುತ್ತಿತ್ತು, ಯಾವ ತಿರುವು ಕಷ್ಟ, ಹೊಸಬರಿಗೆ ಹೇಗೆ ಕಲಿಸುತ್ತಿದ್ದಿರಿ, ಇದನ್ನೆಲ್ಲ ಕೇಳಲಿ. ಇದು ಯಾವ ಫೈಲಿನಲ್ಲೂ ಇರುವುದಿಲ್ಲ. ಬೋರ್ಡನ್ನು ಮುಂದಿನ ವರ್ಷ ಹಾಕಿದರೂ ನಡೆಯುತ್ತದೆ, ಇದು ಮುಂದಿನ ವರ್ಷಕ್ಕೆ ಕಾಯುವುದಿಲ್ಲ.

ಈಗ ನಮ್ಮವರಿಗೆ. ಕುಂದಾಪುರ, ಉಡುಪಿ, ಕಾರ್ಕಳ, ಮಂಗಳೂರು ಕಡೆಯಿಂದ ಹೋಗಿ ಆ ಕಾಲದಲ್ಲಿ ಗೋವಾಲಿಯಾ ಟ್ಯಾಂಕ್, ಗ್ರಾಂಟ್ ರೋಡ್, ಮಝಗಾಂವ್ ಸುತ್ತಮುತ್ತ ಹೋಟೆಲಿನಲ್ಲಿ ದುಡಿದವರು, ರಾತ್ರಿಶಾಲೆಯಲ್ಲಿ ಕಲಿತವರು ಎಷ್ಟೋ ಜನ ಇದ್ದೀರಿ. ಕೆಲವರು ಅಲ್ಲೇ ಉಳಿದಿದ್ದೀರಿ, ಕೆಲವರು ಊರಿಗೆ ಬಂದು ಮನೆ ಕಟ್ಟಿ ಕೂತಿದ್ದೀರಿ. ಅಟ್ಟದ ಮೇಲಿನ ಟ್ರಂಕು ಒಂದು ಸಲ ಇಳಿಸಿ ನೋಡಿ. ಊರಿನಿಂದ ಬಂದ ನೆಂಟರನ್ನು ಬೊಂಬಾಯಿ ತೋರಿಸಲು ಕರೆದುಕೊಂಡು ಹೋದಾಗ ತೆಗೆಸಿದ ಫೋಟೋ ಇರಬಹುದು, ಅದರ ಹಿಂದೆ, ಮೂಲೆಯಲ್ಲಿ ಎರಡು ಕೋಲಿನ ಬಸ್ಸು ಇರಬಹುದು. ಪುಸ್ತಕದೊಳಗೆ ಒಂದು ಟಿಕೆಟ್ಟು ಸಿಕ್ಕಿಕೊಂಡಿರಬಹುದು. ಮನೆಗೆ ಬರೆದ ಕಾಗದದಲ್ಲಿ ಒಂದು ಸಾಲು ಇರಬಹುದು. ನನ್ನದೂ ಒಂದು ಟ್ರಂಕು ಇತ್ತು, ನಾವು ಬಾಡಿಗೆಗಿದ್ದ ಕೋಣೆ ಖಾಲಿ ಮಾಡುವಾಗ ಅದು ಹೋಯಿತು. ಅದರಲ್ಲಿ ಅಣ್ಣನೂ ನಾನೂ ಸ್ಟಾಪಿನಲ್ಲಿ ನಿಂತ ಒಂದು ಫೋಟೋ ಇತ್ತು, ಹಿಂದೆ ತಂತಿ ಕಾಣುತ್ತಿತ್ತು. ನಿಮ್ಮದು ಹಾಗೆ ಹೋಗಲು ಬಿಡಬೇಡಿ. ಸಿಕ್ಕಿದ್ದನ್ನು ಮಕ್ಕಳ ಮೊಬೈಲಿನಲ್ಲಿ ಫೋಟೋ ತೆಗೆಸಿ, ಹಿಂದೆ ಯಾವ ವರ್ಷ, ಯಾರು, ಎಲ್ಲಿ ಅಂತ ಬರೆದಿಡಿ. ಮನೆಯ ಮಕ್ಕಳಿಗೂ ಒಂದು ಮಾತು. ಅಜ್ಜ ಸುಮ್ನೆ ಹಳೆಯದನ್ನೇ ಹೇಳುತ್ತಾರೆ ಅಂತ ಎದ್ದು ಹೋಗಬೇಡಿ. ಪಕ್ಕ ಕೂತು, ಸೀಟಿನ ಬಣ್ಣ ಯಾವುದು ಅಂತ ಕೇಳಿ.

ಇಂಗ್ಲೆಂಡಿನಿಂದ ಬಂದ ಮೇಲೆ ನಾನು ಅದನ್ನೇ ಅಣ್ಣನಿಗೆ ಫೋನು ಮಾಡಿ ಕೇಳಿದೆ. ಅವನು ಈಗ ಊರಲ್ಲಿದ್ದಾನೆ. ತುಂಬ ಹೊತ್ತು ಸುಮ್ಮನಿದ್ದ. ಆಮೇಲೆ, "ಸೀಟಿನ ಬಣ್ಣ ನಂಗೂ ನೆನಪಿಲ್ಲ ಮಾರಾಯ" ಅಂದ. "ಆದ್ರೆ ಕೊನೆ ಸ್ಟಾಪಲ್ಲಿ ಅದು ತಿರುಗಿ ನಿಂತಾಗ ಮೇಲಿನ ತಂತಿ ಸ್ವಲ್ಪ ಹೊತ್ತು ನಡುಗ್ತಾ ಇರ್ತಿತ್ತು, ಕಾಗೆಗಳೆಲ್ಲ ಎದ್ದು ಹಾರಿ ಮತ್ತೆ ಬಂದು ಕೂರ್ತಿದ್ವು, ನೀನು ಬಂದೆ ಅಂತ ನಂಗೆ ಗೊತ್ತಾಗ್ತಿದ್ದದ್ದೇ ಕ್ಯಾಂಟೀನಿನ ಕಿಟಕೀಲಿ ಆ ಕಾಗೆ ನೋಡಿ." ಇಷ್ಟು ವರ್ಷದಲ್ಲಿ ಅವನು ಅದನ್ನು ನನಗೆ ಒಂದು ಸಲವೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಅಣ್ಣನಿಗೆ ಎಂಬತ್ತು ದಾಟಿದೆ. ಕಿವಿ ಸ್ವಲ್ಪ ಮಂದ, ಮಾತು ಸ್ಪಷ್ಟ. ಮಧ್ಯಾಹ್ನ ಮಲಗಿ ಎದ್ದು, ಚಹಾ ಕುಡಿದು, ನಾಲ್ಕು ಗಂಟೆಯ ಮೇಲೆ ಜಗಲಿಯಲ್ಲಿ ಕೂತ ಮೇಲೆ ಅವನಿಗೆ ಮಾತಾಡುವ ಹುಮ್ಮಸ್ಸು ಜಾಸ್ತಿ. ಬೆಸ್ಟ್‌ನಿಂದಾಗಲಿ, ನಮ್ಮವರಾಗಲಿ, ಯಾರಾದರೂ ಕೇಳಲು ಬರುವುದಾದರೆ ಆ ಹೊತ್ತಿಗೆ ಬನ್ನಿ. ಮಳೆಗಾಲಕ್ಕಿಂತ ಮೊದಲೇ ಬಂದರೆ ಒಳ್ಳೆಯದು.

ಇಂತಿ ನಿಮ್ಮ,
ಗೋವಾಲಿಯಾ ಟ್ಯಾಂಕ್ ಸ್ಟಾಪಿನ ಒಬ್ಬ ಹಳೆಯ ಪ್ರಯಾಣಿಕ